ಮುಚ್ಚಿದ ಕಣ್ಣು, ಮರೆಯದ ಕೈ

ಪತ್ತೇದಾರಿ ಕಾದಂಬರಿಗಳನ್ನು ನಮ್ಮ ವಿಮರ್ಶೆ ಹೊಸ್ತಿಲಾಚೆಗೇ ನಿಲ್ಲಿಸಿಕೊಂಡು ಬಂದಿದೆ. ಎನ್. ನರಸಿಂಹಯ್ಯನವರ ಪುಸ್ತಕಗಳಿಂದ ಓದುವ ಹುಚ್ಚು ಹಿಡಿಸಿಕೊಂಡವರು ಎಷ್ಟೋ ಮಂದಿ. ಆದರೂ ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಕೊಲೆ ಮಾಡಿದವರು ಯಾರು ಎಂಬುದು ಹೊತ್ತು ಕಳೆಯುವವರ ಪ್ರಶ್ನೆ, ಬದುಕಿನ ಅರ್ಥವೇನು ಎಂಬುದು ಮಾತ್ರ ಸಾಹಿತ್ಯದ ಪ್ರಶ್ನೆ ಎಂದು ನಾವು ನಂಬಿದ್ದೇವೆ. ತುರ್ಕಿಯ ಕಾದಂಬರಿಕಾರ ಒರ್ಹಾನ್ ಪಾಮುಕ್ 1998ರಲ್ಲಿ ಪ್ರಕಟಿಸಿದ 'ನನ್ನ ಹೆಸರು ಕೆಂಪು' ಈ ನಂಬಿಕೆಯನ್ನು ಅಲುಗಿಸುವ ಕೃತಿ. ಇಲ್ಲಿ ಎರಡು ಪ್ರಶ್ನೆಗಳೂ ಒಂದೇ ಆಗಿವೆ. ಕೊಲೆಗಾರ ಯಾರೆಂದು ತಿಳಿಯಬೇಕಾದರೆ ಒಂದು ನಾಗರಿಕತೆ ತನ್ನ ನೆನಪನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದು ಮೊದಲು ತಿಳಿಯಬೇಕು. ಎರ್ದಾಗ್ ಗೊಕ್ನಾರ್ ಅವರ ಇಂಗ್ಲಿಷ್ ಅನುವಾದ 2001ರಲ್ಲಿ ಬಂತು. 2003ರಲ್ಲಿ ಕೃತಿಗೆ ಡಬ್ಲಿನ್ ಸಾಹಿತ್ಯ ಪ್ರಶಸ್ತಿ ಸಿಕ್ಕಿತು. 2006ರಲ್ಲಿ ಲೇಖಕರಿಗೆ ನೊಬೆಲ್ ಬಂತು. ನಮ್ಮ ಓದು ಆ ಅನುವಾದವನ್ನು ಆಧರಿಸಿದ್ದು. ಕೊಲೆಗಾರನ ಹೆಸರು ಹೇಳದೆ ಈ ಕಾದಂಬರಿಯನ್ನು ಚರ್ಚಿಸಲು ಬರುವುದಿಲ್ಲ. ಗುಟ್ಟು ಬೇಡವೆನ್ನುವ ಓದುಗರು ಕಾದಂಬರಿ ಓದಿ ಇಲ್ಲಿಗೆ ಬರಲಿ.

ಕತೆ ನಡೆಯುವುದು 1591ರ ಚಳಿಗಾಲದ ಇಸ್ತಾಂಬುಲಿನಲ್ಲಿ. ಬಾವಿಯ ತಳದಲ್ಲಿ ಬಿದ್ದಿರುವ ಹೆಣವೊಂದು ಮೊದಲು ಬಾಯಿ ಬಿಡುತ್ತದೆ. ಆತ ಜರೀಫ್ ಎಫೆಂದಿ, ಪುಸ್ತಕದ ಪುಟಗಳಿಗೆ ಹೊನ್ನಿನ ಅಲಂಕಾರ ಮಾಡುವವನು. ಹಿಜರಿ ಸಾವಿರದ ವರ್ಷ ಸಮೀಪಿಸಿದೆ. ಆ ನೆನಪಿಗಾಗಿ ಸುಲ್ತಾನ ಮೂರನೆಯ ಮುರಾದ್ ಗುಟ್ಟಾಗಿ ಒಂದು ಪುಸ್ತಕ ಮಾಡಿಸುತ್ತಿದ್ದಾನೆ. ಅದು ವೆನಿಸ್ಸಿನ ದೊರೆಗೆ ಹೋಗಬೇಕಾದ್ದು. ಹಾಗಾಗಿ ಅದರ ಚಿತ್ರಗಳು ಫರಂಗಿಗಳ ರೀತಿಯಲ್ಲಿರಬೇಕು. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕು. ಸುಲ್ತಾನನ ಮುಖ ಸುಲ್ತಾನನ ಮುಖದಂತೆಯೇ ಇರಬೇಕು. ಈ ಕೆಲಸದ ಹೊಣೆ ಹೊತ್ತವನು ರಾಯಭಾರಿಯಾಗಿ ವೆನಿಸ್ಸಿಗೆ ಹೋಗಿ ಬಂದಿದ್ದ ಎನಿಷ್ತೆ ಎಫೆಂದಿ. ಜರೀಫನಿಗೆ ಇದು ಕುಫ್ರ್ ಆಗಿಬಿಡುತ್ತದೆ ಎಂಬ ಭಯ ಹುಟ್ಟುತ್ತದೆ. ಆ ಭಯ ಊರಲ್ಲಿ ಹರಡುವ ಮುಂಚೆಯೇ ಅವನ ಕೊಲೆಯಾಗುತ್ತದೆ. ಕೆಲವೇ ದಿನಗಳಲ್ಲಿ ಎನಿಷ್ತೆಯ ಕೊಲೆಯೂ ಆಗುತ್ತದೆ. ಸಂಶಯ ಬೀಳುವುದು ಚಿತ್ರಶಾಲೆಯ ಮೂವರು ನಿಪುಣರ ಮೇಲೆ. ಅವರ ಅಡ್ಡಹೆಸರುಗಳು ಚಿಟ್ಟೆ, ಕೊಕ್ಕರೆ, ಝೈತೂನ್. ಹನ್ನೆರಡು ವರ್ಷ ದೇಶಾಂತರ ಹೋಗಿ ಮರಳಿದ ಕರಾ, ಎನಿಷ್ತೆಯ ಮಗಳು ಶೆಕುರೆಯನ್ನು ಮದುವೆಯಾಗುವ ಆಸೆಯಿಂದ ಈ ಪತ್ತೆಗೆ ಇಳಿಯುತ್ತಾನೆ. ಚಿತ್ರಶಾಲೆಯ ಮುಖ್ಯಸ್ಥ ಉಸ್ತಾದ್ ಉಸ್ಮಾನನಿಗೂ ಕರಾನಿಗೂ ಸುಲ್ತಾನ ಕೊಡುವ ಗಡುವು ಮೂರು ದಿನ.

ಮಾಮೂಲು ಪತ್ತೇದಾರ ರಕ್ತದ ಕಲೆ, ಹೆಜ್ಜೆಗುರುತು, ಸಾಕ್ಷಿಗಳ ಹೇಳಿಕೆಗಳನ್ನು ನೋಡುತ್ತಾನೆ. ಇಲ್ಲಿ ಅಂಥದ್ದಕ್ಕೆ ಹೆಚ್ಚು ಬೆಲೆಯಿಲ್ಲ. ಚಿತ್ರಗಾರರನ್ನು ಒಬ್ಬೊಬ್ಬರಾಗಿ ಕಾಣಲು ಹೋಗುವ ಕರಾ ಅವರ ಮುಂದಿಡುವುದು ಮೂರು ವಿಷಯ: ಶೈಲಿ ಮತ್ತು ಸಹಿ, ಚಿತ್ರ ಮತ್ತು ಕಾಲ, ಕುರುಡು ಮತ್ತು ನೆನಪು. ಚಿಟ್ಟೆ ಮೊದಲನೆಯದರ ಬಗ್ಗೆ, ಕೊಕ್ಕರೆ ಎರಡನೆಯದರ ಬಗ್ಗೆ ಮೂರು ಮೂರು ಕತೆ ಹೇಳುತ್ತಾರೆ. ಕುರುಡು ಮತ್ತು ನೆನಪಿನ ಕತೆಗಳು ಬರುವುದು ಝೈತೂನನ ಬಾಯಲ್ಲಿ. ಕೊಲೆಗಾರ ಅವನೇ. ಮೊದಲ ಓದಿಗೆ ಇದು ಕಾಕತಾಳೀಯ ಅನ್ನಿಸಬಹುದು. ಎರಡನೆಯ ಓದಿಗೆ ಕಾದಂಬರಿಯ ತಿರುಳೇ ಇಲ್ಲಿದೆಯೆಂದು ತಿಳಿಯುತ್ತದೆ.

ಚಿತ್ರಶಾಲೆಯ ನಂಬಿಕೆ ಹೀಗಿದೆ. ಶಿಷ್ಯನಾದವನು ಎದುರಿಗೆ ನಿಂತ ಕುದುರೆಯನ್ನು ನೋಡಿ ಬರೆಯುವುದಿಲ್ಲ. ಗುರು ಬರೆದ ಕುದುರೆಯನ್ನು ಬರೆಯುತ್ತಾನೆ. ಆ ಗುರು ತನ್ನ ಗುರುವಿನದನ್ನು ಬರೆದಿದ್ದ. ಹೀಗೆ ಹೆರಾತ್, ತಬ್ರೀಜ್, ಶಿರಾಜ್‌ಗಳ ಹಳೆಯ ಉಸ್ತಾದರವರೆಗೆ ಸರಪಳಿ ಹೋಗುತ್ತದೆ. ಏಟು ತಿಂದು, ದೀಪದ ಬೆಳಕಿನಲ್ಲಿ ದಶಕಗಟ್ಟಲೆ ಒಂದೇ ರೂಪ ತಿದ್ದಿ ತಿದ್ದಿ ಕೊನೆಗೆ ಕಣ್ಣು ಹೋಗುತ್ತದೆ. ಕಣ್ಣು ಹೋದವನನ್ನು ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ದೊಡ್ಡವನಾದ ಅನ್ನುತ್ತಾರೆ. ಏಕೆಂದರೆ ಈಗ ಕಣ್ಣೆದುರಿನ ಬಡಕಲು ಕುದುರೆ ಅವನ ದಾರಿಗೆ ಅಡ್ಡ ಬರುವುದಿಲ್ಲ. ಅಲ್ಲಾಹನು ಕಂಡ ಕುದುರೆಯನ್ನೇ ಅವನ ಕೈ ಬರೆಯುತ್ತದೆ. ಕುರುಡಾಗದೆ ಮುದುಕನಾದವನನ್ನು ಕಂಡರೆ ಇಲ್ಲಿ ಸಂಶಯ. ಅವನು ಸಾಕಷ್ಟು ದುಡಿಯಲಿಲ್ಲವೇನೋ ಎಂದು. ಹೆರಾತಿನ ಬಿಹ್ಜಾದ್ ಹೊಸ ಒಡೆಯರಿಗಾಗಿ ಕೈ ಬದಲಿಸಲು ಮನಸ್ಸಿಲ್ಲದೆ ಸೂಜಿಯಿಂದ ತನ್ನ ಕಣ್ಣು ಚುಚ್ಚಿಕೊಂಡ ಎಂಬ ಐತಿಹ್ಯವನ್ನು ಪಾಮುಕ್ ಕಾದಂಬರಿಯ ನಡುಗಂಬವಾಗಿ ನಿಲ್ಲಿಸಿದ್ದಾರೆ.

ಸಂಗೀತದ ಮನೆತನಗಳನ್ನು, ದರ್ಸ್‌ನಲ್ಲಿ ಕುಳಿತು ಕುರ್‌ಆನನ್ನು ಎದೆಗಿಳಿಸಿಕೊಳ್ಳುವ ಮಕ್ಕಳನ್ನು ಹತ್ತಿರದಿಂದ ಕಂಡ ಓದುಗರಿಗೆ ಈ ಲೋಕ ತೀರ ಹೊಸದಲ್ಲ. ತನ್ನದೆಂಬ ದನಿಯನ್ನು ಬಿಟ್ಟುಕೊಟ್ಟು ತನಗಿಂತ ದೊಡ್ಡದೊಂದಕ್ಕೆ ಬಾಯಾಗುವುದರಲ್ಲಿ ಒಂದು ಬಗೆಯ ಬಿಡುಗಡೆ ಇದೆ. ಪಾಮುಕ್ ಈ ಬಿಡುಗಡೆಯನ್ನು ಹಗುರವಾಗಿ ನೋಡುವುದಿಲ್ಲ. ಉಸ್ತಾದ್ ಉಸ್ಮಾನ್ ಅರಮನೆಯ ಖಜಾನೆಯೊಳಗೆ ಕುಳಿತು ಹಳೆಯ ಪುಸ್ತಕಗಳನ್ನು ತಿರುವಿಹಾಕುವ ಅಧ್ಯಾಯಗಳು ಕಾದಂಬರಿಯ ಅತ್ಯುತ್ತಮ ಭಾಗ. ಶಾಹ್ ತಹ್ಮಾಸ್ಪನು 1568ರಲ್ಲಿ ಉಸ್ಮಾನಿಯಾ ಸುಲ್ತಾನನಿಗೆ ಕಾಣಿಕೆಯಾಗಿ ಕಳಿಸಿದ ಶಾಹನಾಮೆಯ ಪುಟಗಳ ಮುಂದೆ ಆ ಮುದುಕ ಮಗುವಿನಂತಾಗುತ್ತಾನೆ. ಕೇಳಿ ಮಾತ್ರ ಗೊತ್ತಿದ್ದದ್ದನ್ನು ಜೀವಮಾನದಲ್ಲಿ ಮೊದಲ ಬಾರಿ ಕಣ್ತುಂಬ ನೋಡುತ್ತಾನೆ. ಆಮೇಲೆ ಬಿಹ್ಜಾದನದೆಂದು ಹೇಳುವ ಅದೇ ಸೂಜಿಯನ್ನು ತನ್ನ ಕಣ್ಣಿಗೆ ಚುಚ್ಚಿಕೊಳ್ಳುತ್ತಾನೆ. ಇದನ್ನು ಓದುವಾಗ ಸಿಟ್ಟು ಬರುತ್ತದೆ, ಗೌರವವೂ ಹುಟ್ಟುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕಾದಂಬರಿ ನಮಗೆ ಹೇಳಿಕೊಡುವುದಿಲ್ಲ.

ಆದರೆ ಈ ಮಹಾನ್ ನೆನಪಿನಲ್ಲಿ ಒಂದು ಬಿರುಕಿದೆ. ಕೊಲೆ ಹೊರಬೀಳುವುದು ಆ ಬಿರುಕಿನಿಂದಲೇ. ಜರೀಫನ ಹೆಣದ ಮೇಲೆ ನೀರಿಗೆ ಕದಡಿದ ಒಂದು ಕಾಗದ ಸಿಗುತ್ತದೆ. ಅದರಲ್ಲಿ ಕುದುರೆಯ ಚಿತ್ರವಿದೆ. ಅಲಂಕಾರದ ಕೆಲಸದವನು ಕುದುರೆ ಬರೆಯುವುದಿಲ್ಲ. ಹಾಗಾದರೆ ಬರೆದವನು ಕೊಂದವನೇ. ಮೂವರಿಗೂ ಸುಲ್ತಾನನ ಸ್ಪರ್ಧೆ ಎಂದು ಸುಳ್ಳು ಹೇಳಿ ಒಂದೊಂದು ಕುದುರೆ ಬರೆಸುತ್ತಾರೆ. ಹೋಲಿಕೆ ಸಿಗುವುದಿಲ್ಲ. ಹೆಣದ ಮೇಲಿನ ಕುದುರೆಯ ಮೂಗಿನ ಹೊಳ್ಳೆ ಮಾತ್ರ ವಿಚಿತ್ರವಾಗಿದೆ, ಸೀಳಿದಂತಿದೆ. ಈ ಹೊಳ್ಳೆಯ ಬೇರು ಹುಡುಕಿಕೊಂಡೇ ಉಸ್ಮಾನ್ ಖಜಾನೆಗೆ ಇಳಿದದ್ದು. ಕುದುರೆಗೆ ಉಸಿರು ಸರಾಗವಾಗಲೆಂದು ಹೊಳ್ಳೆ ಸೀಳುತ್ತಿದ್ದ ಮಂಗೋಲರ ರೂಢಿ, ಅದನ್ನು ಕಂಡು ಬರೆದ ಹಳೆಯ ಚಿತ್ರಗಾರರು, ಅವರಿಂದ ಕಲಿತವರು, ಅವರಿಂದ ಮತ್ತೆ ಕಲಿತವರು: ಹೀಗೆ ಸರಪಳಿ ಹಿಡಿದು ಬಂದರೆ ಕೊನೆಯ ಕೊಂಡಿಯಲ್ಲಿ ಝೈತೂನನ ಕೈ ಇದೆ. ಸುಲ್ತಾನನಿಗಾಗಿ ಎಚ್ಚರದಿಂದ ಬರೆದಾಗ ಆ ಹೊಳ್ಳೆ ಮೂಡಲಿಲ್ಲ. ಯಾರಿಗೂ ಅಲ್ಲದೆ, ಯಾವ ಯೋಚನೆಯೂ ಇಲ್ಲದೆ ಗೀಚಿದಾಗ ಮೂಡಿತು.

ಇಲ್ಲಿ ಪಾಮುಕ್ ಮಾಡಿರುವ ಕೆಲಸ ಸೂಕ್ಷ್ಮವಾದದ್ದು. ಚಿತ್ರಶಾಲೆಯ ಪ್ರಕಾರ ಪರಿಪೂರ್ಣ ನೆನಪೆಂದರೆ ವ್ಯಕ್ತಿ ಅಳಿದುಹೋಗುವುದು. ಯಾರು ಬರೆದರೆಂದು ತಿಳಿಯಬಾರದು. ತಿಳಿದರೆ ಅದು ಕುಂದು. ಶೈಲಿ ಎನ್ನುವುದೂ ಇವರ ಕಣ್ಣಿಗೆ ಒಂದು ತಪ್ಪೇ. ಆದರೆ ಇದೇ ನೆನಪು, ಇದೇ ಸರಪಳಿ ಕೊನೆಗೆ ಒಬ್ಬ ವ್ಯಕ್ತಿಯ ಮೇಲೆ ಬೆರಳಿಡುತ್ತದೆ. ಬುದ್ಧಿ ಬಚ್ಚಿಟ್ಟದ್ದನ್ನು ಕೈ ಬಚ್ಚಿಡಲಾರದು. ಶರಣಾಗತಿಗೆಂದು ಪಳಗಿಸಿದ ನೆನಪು ಸಾಕ್ಷಿ ಹೇಳಲು ಎದ್ದು ನಿಲ್ಲುತ್ತದೆ. ಈ ಕಾದಂಬರಿಯ ನಿಜವಾದ ರಹಸ್ಯ ಇದು. ಕೊಲೆಗಾರನ ಹೆಸರು ಅದರ ಒಂದು ಭಾಗ ಮಾತ್ರ.

ಹೊಳ್ಳೆಯ ಉಪಾಯ ಕೇವಲ ಕಲ್ಪನೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಜೊವಾನ್ನಿ ಮೊರೆಲ್ಲಿ ಎಂಬಾತ ಸಹಿಯಿಲ್ಲದ ಚಿತ್ರಗಳ ಕರ್ತೃವನ್ನು ಗುರುತಿಸಲು ಕಿವಿ ಮತ್ತು ಉಗುರುಗಳನ್ನು ನೋಡಿ ಎಂದ. ಮುಖ, ಭಂಗಿಗಳಲ್ಲಿ ಚಿತ್ರಗಾರ ಎಚ್ಚರವಾಗಿರುತ್ತಾನೆ, ಕಿವಿ ಬರೆಯುವಾಗ ಮೈಮರೆಯುತ್ತಾನೆ ಎಂಬುದು ಅವನ ತರ್ಕ. ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ 1979ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ವಿಧಾನವನ್ನು ಷರ್ಲಾಕ್ ಹೋಮ್ಸ್‌ಗೂ ಫ್ರಾಯ್ಡ್‌ಗೂ ಜೋಡಿಸಿ ನೋಡಿದರು. ಆದರೆ ಮೊರೆಲ್ಲಿಗಿಂತ ಎರಡೂವರೆ ಶತಮಾನ ಮೊದಲೇ ಹಿಂದೂಸ್ತಾನದ ಬಾದಶಹನೊಬ್ಬ ಇದೇ ಶಕ್ತಿ ತನಗಿದೆ ಎಂದು ಬರೆದಿಟ್ಟಿದ್ದಾನೆ. ಒಂದೇ ಚಿತ್ರದಲ್ಲಿ ಹಲವು ಮುಖಗಳಿದ್ದು ಒಂದೊಂದನ್ನು ಒಬ್ಬೊಬ್ಬರು ಬರೆದಿದ್ದರೂ ಯಾವುದು ಯಾರದೆಂದು ಹೇಳಬಲ್ಲೆ, ಒಬ್ಬ ಬರೆದ ಮುಖದಲ್ಲಿ ಕಣ್ಣು ಹುಬ್ಬುಗಳನ್ನು ಇನ್ನೊಬ್ಬ ತಿದ್ದಿದ್ದರೆ ಅದನ್ನೂ ಹೇಳಬಲ್ಲೆ ಎಂಬುದು ಜಹಾಂಗೀರನು ತನ್ನ ಆತ್ಮಕಥನದಲ್ಲಿ ಹೇಳಿಕೊಂಡ ಹೆಮ್ಮೆಯ ಮಾತು. ಅಂದರೆ ಉಸ್ಮಾನನ ಪತ್ತೇದಾರಿಕೆಯನ್ನು ಪಾಮುಕ್ ಪಶ್ಚಿಮದಿಂದ ಸಾಲ ತಂದು ಅಂಟಿಸಿದ್ದಾರೆ ಎನ್ನುವಂತಿಲ್ಲ. ಸಾವಿರಾರು ಪುಟಗಳನ್ನು ತಲೆಯಲ್ಲಿ ಇಟ್ಟುಕೊಂಡು ಒಂದರ ಪಕ್ಕ ಇನ್ನೊಂದನ್ನು ಹಿಡಿದು ನೋಡುವ ನೆನಪು ಆ ಕಾಲದ ಮುಸ್ಲಿಂ ಅರಮನೆಗಳಲ್ಲಿ ಇತ್ತು, ಅದಕ್ಕೆ ಮರ್ಯಾದೆಯೂ ಇತ್ತು.

ಪಾಮುಕ್ ಇದೇ ಪರೀಕ್ಷೆಗೆ ಓದುಗರನ್ನೂ ಒಡ್ಡುತ್ತಾರೆ. ಐವತ್ತೊಂಬತ್ತು ಅಧ್ಯಾಯಗಳಲ್ಲಿ ಪಾತ್ರಗಳು ಸರದಿಯಂತೆ 'ನಾನು' ಎಂದು ಮಾತಾಡುತ್ತವೆ. ಹೆಣ, ನಾಯಿ, ಮರ, ಬಂಗಾರದ ನಾಣ್ಯ, ಸಾವು, ಸೈತಾನ, ಕೆಂಪು ಬಣ್ಣ ಎಲ್ಲಕ್ಕೂ ಬಾಯಿ ಬಂದಿದೆ. ಝೈತೂನ್ ತನ್ನ ಹೆಸರಿನಲ್ಲಿ ಮಾತಾಡುತ್ತಾನೆ. ಕೊಲೆಗಾರನೆಂಬ ಹೆಸರಿನಲ್ಲಿ ದನಿ ಮರೆಸಿಕೊಂಡು ಬೇರೆಯಾಗಿಯೂ ಮಾತಾಡುತ್ತಾನೆ. ನನ್ನ ಮಾತಿನ ವರಸೆಯಿಂದ ನನ್ನನ್ನು ಹಿಡಿಯಬಲ್ಲಿರಾ ಎಂದು ನಮ್ಮನ್ನೇ ಕೆಣಕುತ್ತಾನೆ. ಹಿಂದೆ ಓದಿದ್ದನ್ನು ನೆನಪಿಟ್ಟು ಹೋಲಿಸುವವರಿಗೆ ಮಾತ್ರ ಅವನು ಸಿಗುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಸೋಲುತ್ತೇವೆ. ಕಾಗದ ಕಂಡ ಮೇಲೆ ನಮ್ಮ ನೆನಪು ಎಷ್ಟು ಸೋಮಾರಿಯಾಗಿದೆ ಎಂಬುದು ಆ ಸೋಲಿನಲ್ಲಿ ತಿಳಿಯುತ್ತದೆ.

ಅಸಾಮಾನ್ಯ ನೆನಪಿನ ಈ ಉಸ್ತಾದರ ಪಕ್ಕದಲ್ಲಿ ಸಾಮಾನ್ಯ ಮನುಷ್ಯರ ಮರೆವೂ ಇದೆ. ಕಾದಂಬರಿ ನಮ್ಮನ್ನು ಹೆಚ್ಚು ತಟ್ಟುವುದು ಅಲ್ಲಿ. ದೇಶಾಂತರದ ವರ್ಷಗಳಲ್ಲಿ ಕರಾ ಶೆಕುರೆಯ ಮುಖವನ್ನೇ ಮರೆತುಬಿಡುತ್ತಾನೆ. ಪ್ರೀತಿ ಇದೆ, ಮುಖ ಇಲ್ಲ. ಫರಂಗಿ ರೀತಿಯ ಒಂದು ಭಾವಚಿತ್ರ ಜೊತೆಗಿದ್ದಿದ್ದರೆ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸುತ್ತದೆ. ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲಿ ಅಂಚು ಮಡಿಸಿದ ಫೋಟೊ ನೋಡಿದವರಿಗೆ ಈ ಮಾತಿನ ಭಾರ ಗೊತ್ತು. ಭಾವಚಿತ್ರ ಬೇಕೋ ಬೇಡವೋ ಎಂಬ ಜಗಳ ಸುಲ್ತಾನನ ಗರ್ವದ್ದಷ್ಟೇ ಅಲ್ಲ, ಮರೆತುಹೋಗುವವರ ಬಡಪಾಯಿ ಅಗತ್ಯವೂ ಹೌದು ಎಂಬುದನ್ನು ಪಾಮುಕ್ ಇಷ್ಟು ಸರಳವಾಗಿ ಮುಟ್ಟಿಸುತ್ತಾರೆ. ಮಹಾನ್ ಉಸ್ತಾದರು ನೆನಪಿನಲ್ಲಿಟ್ಟದ್ದು ಆದರ್ಶ ಸುಂದರಿಯ ಚಂದ್ರನಂಥ ಮುಖವನ್ನು. ಅದರಿಂದ ಕರಾನಿಗೆ ಏನೂ ಉಪಯೋಗವಿಲ್ಲ. ಅವನಿಗೆ ಬೇಕಾದ್ದು ಒಬ್ಬ ಶೆಕುರೆ.

ಇಷ್ಟು ಮೆಚ್ಚಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಪಾಮುಕ್ ಈ ಲೋಕವನ್ನು ಎರಡು ಪಾಲು ಮಾಡಿಟ್ಟಿದ್ದಾರೆ. ಪೂರ್ವಕ್ಕೆ ನೆನಪು, ಪಶ್ಚಿಮಕ್ಕೆ ಕಣ್ಣು. ಪೂರ್ವಕ್ಕೆ ಪರಂಪರೆ, ಪಶ್ಚಿಮಕ್ಕೆ ವ್ಯಕ್ತಿ. ಕಾದಂಬರಿಯ ಒಳವಿವರಗಳು ಈ ಗೆರೆಯನ್ನು ಎಷ್ಟೋ ಕಡೆ ದಾಟುತ್ತವೆ, ನಿಜ. ಆದರೂ ಪುಸ್ತಕ ಮುಚ್ಚಿದ ಮೇಲೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಆ ಗೆರೆಯೇ. ಪಶ್ಚಿಮದ ಓದುಗರು ಈ ಕೃತಿಯನ್ನು ಎತ್ತಿ ಹಿಡಿದದ್ದರಲ್ಲಿ ಈ ಸುಲಭದ ಹಂಚಿಕೆಯ ಪಾಲು ಇಲ್ಲದಿಲ್ಲ ಎಂದು ನಮಗೆ ತೋರುತ್ತದೆ. ಇತಿಹಾಸ ಹಾಗಿಲ್ಲ. ಕಾದಂಬರಿ ನಡೆಯುವ ಅದೇ 1591ರಲ್ಲಿ ವೆನಿಸ್ಸಿನಲ್ಲಿ ಏನಾಯಿತು? ಮೊಚೆನಿಗೊ ಎಂಬ ಶ್ರೀಮಂತ ತನಗೆ ನೆನಪಿನ ಕಲೆ ಕಲಿಸಿಕೊಡಲು ಜೊರ್ದಾನೊ ಬ್ರೂನೊ ಎಂಬ ತತ್ತ್ವಜ್ಞಾನಿಯನ್ನು ಕರೆಸಿಕೊಂಡ. ಬ್ರೂನೊ ತನ್ನ ಅಸಾಧಾರಣ ನೆನಪಿಗೆ ಯುರೋಪಿನಲ್ಲೆಲ್ಲ ಹೆಸರಾಗಿದ್ದವನು. ಮುಂದಿನ ವರ್ಷ ಅದೇ ಮೊಚೆನಿಗೊ ಅವನನ್ನು ಧರ್ಮವಿಚಾರಣೆಯ ಕೋರ್ಟಿಗೆ ಹಿಡಿದುಕೊಟ್ಟ. 1600ರಲ್ಲಿ ರೋಮಿನಲ್ಲಿ ಬ್ರೂನೊನನ್ನು ಜೀವಂತ ಸುಟ್ಟರು. ಇಸ್ತಾಂಬುಲಿನ ಚಿತ್ರಗಾರ ವೆನಿಸ್ಸಿನ ಕಣ್ಣಿಗೆ ಹೆದರುತ್ತಿದ್ದಾಗ ವೆನಿಸ್ ನೆನಪನ್ನು ಬೆನ್ನುಹತ್ತಿತ್ತು, ಕೊನೆಗೆ ಆ ನೆನಪಿಗೇ ಹೆದರಿತು. ಎನಿಷ್ತೆ ಕಂಡುಬಂದ ವೆನಿಸ್ಸಿನಲ್ಲಿ ಈ ಭಯದ ಸುಳಿವೂ ಇಲ್ಲ.

ಇತ್ತ ಉಸ್ಮಾನಿಯಾ ಅರಮನೆಗೂ ಮುಖದ ಭಾವಚಿತ್ರ ಹೊಸದಾಗಿರಲಿಲ್ಲ. ಇಸ್ತಾಂಬುಲನ್ನು ಗೆದ್ದ ಎರಡನೆಯ ಮೆಹ್ಮೆದ್ 1480ರಲ್ಲೇ ವೆನಿಸ್ಸಿನ ಜೆಂತಿಲೆ ಬೆಲ್ಲಿನಿಯಿಂದ ತನ್ನ ಚಿತ್ರ ಬರೆಸಿಕೊಂಡಿದ್ದ. ಕಾದಂಬರಿಯ ಉಸ್ತಾದ್ ಉಸ್ಮಾನ್ ಇತಿಹಾಸದಲ್ಲಿ ನಿಜವಾಗಿಯೂ ಇದ್ದವನು. ಆಸ್ಥಾನ ಚರಿತ್ರಕಾರ ಲೊಕ್ಮಾನನ ಜೊತೆ ಸೇರಿ 1579ರಲ್ಲಿ ಆತ ಸುಲ್ತಾನರ ಭಾವಚಿತ್ರಗಳ ಒಂದು ಪುಸ್ತಕವನ್ನೇ ಮಾಡಿದ. ಅದಕ್ಕಾಗಿ ವೆನಿಸ್ಸಿನಿಂದ ಚಿತ್ರಗಳನ್ನು ತರಿಸಿ ನೋಡಲಾಗಿತ್ತು. ಫರಂಗಿ ಚಿತ್ರವನ್ನು ನಕಲು ಮಾಡಬೇಕಾಗಿ ಬಂದದ್ದು ಚಿತ್ರಹಿಂಸೆಯಾಗಿತ್ತೆಂದು ಕಾದಂಬರಿಯ ಉಸ್ಮಾನ್ ಹೇಳಿಕೊಳ್ಳುತ್ತಾನೆ. ಇತಿಹಾಸದ ಉಸ್ಮಾನನಲ್ಲಿ ನಮಗೆ ಕಾಣುವುದು ಹಿಂಸೆಗಿಂತ ಕುತೂಹಲವೇ. ಕಾದಂಬರಿಕಾರರಿಗೆ ಇತಿಹಾಸವನ್ನು ತಿರುಗಿಸುವ ಹಕ್ಕಿದೆ. ಯಾವ ದಿಕ್ಕಿಗೆ ತಿರುಗಿಸಿದರು ಎಂದು ಕೇಳುವ ಹಕ್ಕು ಓದುಗರಿಗೂ ಇದೆ.

ಕೊನೆಯಲ್ಲಿ ಝೈತೂನ್ ಓಡಿಹೋಗಲು ಹೊರಡುವುದು ಎಲ್ಲಿಗೆ? ಹಿಂದೂಸ್ತಾನಕ್ಕೆ, ಅಕ್ಬರನ ಚಿತ್ರಶಾಲೆಗೆ. ಹಡಗು ಹತ್ತುವ ಮುಂಚೆಯೇ ಅವನ ತಲೆ ಉರುಳುತ್ತದೆ. ಪಾಮುಕ್ ಆ ಬಾಗಿಲನ್ನು ಅಲ್ಲಿಗೇ ಮುಚ್ಚುತ್ತಾರೆ. ನಮ್ಮ ಕುತೂಹಲ ಕೆರಳುವುದು ಆ ಬಾಗಿಲಿನಾಚೆಗೆ. ಅಕ್ಷರ ಕಲಿಯದ, ಪುಸ್ತಕಗಳನ್ನು ಓದಿಸಿ ಕೇಳುತ್ತಿದ್ದ ಅಕ್ಬರ್ ತನ್ನ ಭಾವಚಿತ್ರಕ್ಕೆ ತಾನೇ ಕುಳಿತ, ತನ್ನ ಸರದಾರರೆಲ್ಲರ ಚಿತ್ರ ಬರೆಸಿ ದೊಡ್ಡ ಸಂಪುಟ ಮಾಡಿಸಿದ ಎಂದು ಅಬುಲ್ ಫಝಲ್ 'ಐನೆ ಅಕ್ಬರಿ'ಯಲ್ಲಿ ದಾಖಲಿಸುತ್ತಾನೆ. ಚಿತ್ರಗಾರನಿಗೆ ದೇವರನ್ನು ಅರಿಯಲು ಅವನದೇ ದಾರಿಯಿದೆ, ಎಷ್ಟು ಚೆನ್ನಾಗಿ ಬರೆದರೂ ಜೀವ ತುಂಬಲಾರೆ ಎಂದು ತಿಳಿದಾಗ ಜೀವ ಕೊಡುವವನ ನೆನಪಾಗದೆ ಇರದು ಎಂಬರ್ಥದ ಅಕ್ಬರನ ಮಾತೂ ಅಲ್ಲಿದೆ. ಜರೀಫನನ್ನು ಬಾವಿಗೆ ತಳ್ಳಿದ ಪ್ರಶ್ನೆಗೆ ಅದೇ ಕಾಲದಲ್ಲಿ ಸಿಕ್ಕಿದ್ದ ಒಂದು ಉತ್ತರ ಇದು. ಅದೂ ಮುಸ್ಲಿಂ ಅರಮನೆಯೊಳಗಿನಿಂದಲೇ ಬಂದದ್ದು. ಝೈತೂನನಿಗೆ ಸಿಗದ ದಾರಿ ಬೇರೆಯವರಿಗೆ ಸಿಕ್ಕಿತು. ಇರಾನಿನ ಪದ್ಧತಿಯಲ್ಲಿ ಪಳಗಿದ ಫರ್ರುಖ್ ಬೇಗ್ 1585ರಲ್ಲಿ ಕಾಬೂಲಿನಿಂದ ಅಕ್ಬರನಲ್ಲಿಗೆ ಬಂದ. ಆಮೇಲೆ ನಮ್ಮ ಬಿಜಾಪುರಕ್ಕೂ ಬಂದು ಎರಡನೆಯ ಇಬ್ರಾಹೀಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ತಂಬೂರ ನುಡಿಸುತ್ತಿರುವ ಇಬ್ರಾಹೀಮನ ಚಿತ್ರದಲ್ಲಿ ಹಳೆಯ ಉಸ್ತಾದರ ಬಳ್ಳಿ ಹೂವೂ ಇದೆ, ಒಬ್ಬ ಮನುಷ್ಯನದೇ ಆದ ಮುಖವೂ ಇದೆ. ಎರಡೂ ಒಂದೇ ಪುಟದಲ್ಲಿ ಯಾರನ್ನೂ ಕೊಲ್ಲದೆ ಕುಳಿತಿವೆ.

ನಮ್ಮ ಎರಡನೆಯ ತಕರಾರು ಇದಕ್ಕಿಂತ ಆಳದ್ದು. ಕಾದಂಬರಿಯಲ್ಲಿ ಧಾರ್ಮಿಕ ನಿಷ್ಠೆಗೆ ಮುಖವಾಗಿ ನಿಲ್ಲುವವನು ಎರ್ಜುರುಮಿನ ನುಸ್ರೆತ್ ಹೋಜಾ. ಅವನ ಹಿಂಬಾಲಕರು ಕಾಫಿ ಅಂಗಡಿಗೆ ನುಗ್ಗಿ ಕತೆಗಾರನನ್ನು ಕೊಲ್ಲುತ್ತಾರೆ. ಇಂಥವರು ಆ ನಗರದಲ್ಲಿ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಮುಂದಿನ ಶತಮಾನದಲ್ಲಿ ಕಾದಿಝಾದೆಯ ಅನುಯಾಯಿಗಳು ಕಾಫಿ, ಸೂಫಿಗಳ ಕುಣಿತ, ಹಾಡು ಎಲ್ಲದರ ಮೇಲೂ ಬಿದ್ದದ್ದು ಇತಿಹಾಸ. ಅಂಥವರು ನಮ್ಮ ನಡುವೆಯೂ ಇದ್ದಾರೆ. ಅವರನ್ನು ಸಮರ್ಥಿಸುವ ಜರೂರು ನಮಗಿಲ್ಲ. ಆದರೆ ನೆನಪನ್ನು ಕುರಿತ ಕಾದಂಬರಿಯೊಂದು ಇಸ್ಲಾಮಿನ ನೆನಪಿಗೆ ಎರಡೇ ರೂಪ ಕೊಟ್ಟರೆ ಹೇಗೆ? ಒಂದು, ಕಣ್ಣು ಚುಚ್ಚಿಕೊಳ್ಳುವ ಉಸ್ತಾದ. ಇನ್ನೊಂದು, ದೊಣ್ಣೆ ಹಿಡಿದ ಹೋಜಾ. ಇವೆರಡರ ನಡುವೆ ಕಣ್ಣು ತೆರೆದುಕೊಂಡೇ ನೆನಪಿಡುವ ದೊಡ್ಡ ಪರಂಪರೆಯೊಂದು ಇತ್ತಲ್ಲ?

ಹದೀಸ್ ಸಂಗ್ರಹಿಸಿದವರ ನೆನಪನ್ನೇ ನೋಡಿ. ಇಮಾಮ್ ಬುಖಾರಿ (810–870) ಬಗ್ದಾದಿಗೆ ಬಂದಾಗ ಅವರನ್ನು ಪರೀಕ್ಷಿಸಲು ಹತ್ತು ಜನ ಹತ್ತು ಹತ್ತು ಹದೀಸುಗಳ ನಿರೂಪಕರ ಸರಪಳಿಯನ್ನು ಬೇಕೆಂದೇ ಅದಲುಬದಲು ಮಾಡಿ ಹೇಳಿದರಂತೆ. ನೂರಕ್ಕೂ ಅವರು ನನಗೆ ತಿಳಿಯದು ಎಂದರು. ಆಮೇಲೆ ಮೊದಲನೆಯದರಿಂದ ಶುರುಮಾಡಿ, ಆತ ತಪ್ಪಾಗಿ ಹೇಳಿದ್ದು ಹೀಗೆ, ಸರಿಯಾದದ್ದು ಹೀಗೆ ಎಂದು ನೂರನ್ನೂ ನೆಟ್ಟಗೆ ಮಾಡಿ ಒಪ್ಪಿಸಿದರು ಎಂಬ ಕತೆ ನಮ್ಮ ಮದ್ರಸಗಳಲ್ಲಿ ಇಂದಿಗೂ ಕೇಳಸಿಗುತ್ತದೆ. ಇದನ್ನು ಸಾಮಾನ್ಯವಾಗಿ ಬೆರಗಿನ ಕತೆಯಾಗಿ ಹೇಳುತ್ತಾರೆ. ನಮಗೆ ಇದು ಪತ್ತೇದಾರಿಯ ಕತೆಯಾಗಿ ಕಾಣುತ್ತದೆ. ಸರಿಯನ್ನು ನೆನಪಿಟ್ಟದ್ದಕ್ಕಿಂತ, ತಪ್ಪನ್ನು ತಪ್ಪೆಂದು ಗುರುತಿಸಿ ಅದು ಯಾರ ಬಾಯಿಂದ ಬಂತೆಂದು ನೆನಪಿಟ್ಟದ್ದು ಇಲ್ಲಿ ದೊಡ್ಡದು. ಹದೀಸ್ ವಿದ್ವಾಂಸರು ನಿರೂಪಕರೊಬ್ಬೊಬ್ಬರ ಬದುಕನ್ನೂ ಜಾಲಾಡಿದರು. ಈತ ಸತ್ಯವಂತನೇ, ಯಾರನ್ನು ಎಲ್ಲಿ ಭೇಟಿಯಾದ, ಭೇಟಿ ಸಾಧ್ಯವಿತ್ತೇ, ನೆನಪು ಗಟ್ಟಿಯೇ ಎಂದೆಲ್ಲ ಕೇಳಿದರು. ಮುಪ್ಪಿನಲ್ಲಿ ನೆನಪು ಕದಡಿದವರಿದ್ದರೆ ಕದಡುವ ಮುಂಚೆ ಅವರಿಂದ ಕೇಳಿದ್ದನ್ನು ಒಪ್ಪಿ, ಆಮೇಲಿನದನ್ನು ಬದಿಗಿಟ್ಟರು. ಎಷ್ಟೇ ದೊಡ್ಡ ಪುಣ್ಯವಂತನಾದರೂ ನೆನಪು ಸಡಿಲವಾಗಿದ್ದರೆ ಅವನ ಮಾತು ದುರ್ಬಲ ಎಂದು ಬರೆಯಲು ಅವರು ಹಿಂಜರಿಯಲಿಲ್ಲ. ಇಲ್ಲಿಯೂ ಗುರುಶಿಷ್ಯರ ಸರಪಳಿಯಿದೆ. ಆದರೆ ಆ ಸರಪಳಿಗೆ ತಲೆಬಾಗುವುದರ ಜೊತೆಗೆ ಅದರ ಒಂದೊಂದು ಕೊಂಡಿಯನ್ನೂ ತಟ್ಟಿ ನೋಡುವ ರೂಢಿಯಿದೆ. ಖಜಾನೆಯಲ್ಲಿ ಕುದುರೆಯ ಹೊಳ್ಳೆಯಿಂದ ಹೊಳ್ಳೆಗೆ ಹೋಗುವ ಉಸ್ಮಾನ್ ಮಾಡುತ್ತಿರುವುದೂ ಬಹುತೇಕ ಇದನ್ನೇ. ಪಾಮುಕ್ ಅವನ ಕೈಗೆ ಈ ವಿದ್ಯೆಯನ್ನು ಕೊಟ್ಟರು, ಅದರ ಮನೆತನವನ್ನು ಹೇಳಲಿಲ್ಲ.

ಕುರುಡಿನ ಮಾತೂ ಅಷ್ಟೆ. ಸಿರಿಯಾದ ಕವಿ ಅಬುಲ್ ಅಲಾ ಅಲ್ ಮಅರ್ರಿ (973–1057) ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ನೆನಪಿನ ಶಕ್ತಿಗೆ ಹೆಸರಾಗಿದ್ದಷ್ಟೇ ಎಲ್ಲವನ್ನೂ ಪ್ರಶ್ನಿಸುವುದಕ್ಕೂ ಹೆಸರಾದವನು. ಅವನ ಮೇಲೆ 1914ರಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ಈಜಿಪ್ಟಿನ ತಾಹಾ ಹುಸೇನ್ (1889–1973) ಕೂಡ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಪುಟ್ಟ ಹುಡುಗನಾಗಿದ್ದಾಗ ಕುರ್‌ಆನ್ ಕಂಠಪಾಠ ಮಾಡಿ ಶೈಖ್ ಅನ್ನಿಸಿಕೊಂಡದ್ದನ್ನು, ಆಮೇಲೆ ತಂದೆಯ ಮುಂದೆ ಮರೆತು ನಾಚಿಕೆಯಿಂದ ಕುಗ್ಗಿಹೋದದ್ದನ್ನು ಅವರು ತಮ್ಮ ಆತ್ಮಕಥೆ 'ಅಲ್ ಅಯ್ಯಾಮ್'ನಲ್ಲಿ ಬಚ್ಚಿಡದೆ ಹೇಳಿದ್ದಾರೆ. ಇಸ್ಲಾಮಿಗಿಂತ ಮುಂಚಿನದೆಂದು ಹೇಳುವ ಅರಬಿ ಕಾವ್ಯ ನಿಜಕ್ಕೂ ಅಷ್ಟು ಹಳೆಯದೇ ಎಂದು 1926ರಲ್ಲಿ ಕೇಳಿದವರೂ ಅವರೇ. ಪುಸ್ತಕದ ವಿರುದ್ಧ ದೂರು ಹೋಗಿ ವಿಚಾರಣೆ ನಡೆದು 1927ರಲ್ಲಿ ಪ್ರಕರಣ ಕೈಬಿಟ್ಟಿತು. ಕಣ್ಣಿಲ್ಲದವರ ನೆನಪು ಶರಣಾಗತಿಯಲ್ಲೇ ಕೊನೆಯಾಗಬೇಕಿಲ್ಲ ಎಂಬುದಕ್ಕೆ ಇವರಿಬ್ಬರಿಗಿಂತ ಬೇರೆ ಸಾಕ್ಷಿ ಬೇಡ.

ಕಾದಂಬರಿಯೊಂದರಲ್ಲಿ ಎಲ್ಲವೂ ಇರಲೇಬೇಕೆಂದು ಹಠ ಹಿಡಿಯುವುದು ವಿಮರ್ಶೆಯಲ್ಲ ಎಂಬುದು ನಮಗೂ ಗೊತ್ತು. ಇರುವುದಕ್ಕೆ ಇಲ್ಲದಿರುವುದರಿಂದ ಏನಾಗಿದೆ ಎಂದಷ್ಟೇ ನಾವು ಕೇಳುತ್ತಿದ್ದೇವೆ. ಪ್ರಶ್ನಿಸುವ ನೆನಪಿಗೆ ಜಾಗವಿಲ್ಲದ್ದರಿಂದ ಉಸ್ಮಾನನ ಮುಂದೆ ಎರಡೇ ದಾರಿ ಉಳಿದವು: ಫರಂಗಿಯಂತೆ ನೋಡುವುದು, ಇಲ್ಲವೇ ನೋಡುವುದನ್ನೇ ಬಿಡುವುದು. ಝೈತೂನನ ಗತಿ ಇನ್ನೂ ಕಷ್ಟದ್ದು. ಅವನು ಹಳೆಯದನ್ನು ಉಳಿಸಲು ಕೊಂದ, ಆಮೇಲೆ ಸುಲ್ತಾನನ ಮುಖವಿರಬೇಕಾದ ಜಾಗದಲ್ಲಿ ಕದ್ದು ತನ್ನ ಮುಖ ಬರೆಯಲು ಕುಳಿತ. ಬರೆಯಲು ಆಗಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಕೈಗೆ ಇಳಿಯಲಿಲ್ಲ. ಕೈಗೆ ಗೊತ್ತಿದ್ದದ್ದು ಅವನ 'ನಾನು' ಆಗಿರಲಿಲ್ಲ. ಎರಡು ಹೆಣಗಳ ಮೇಲೆ ಕಟ್ಟಿದ ಈ ಸೋಲು ಕಾದಂಬರಿಯ ಅತ್ಯಂತ ದುಃಖದ ಗಳಿಗೆ. ಪರಂಪರೆಯನ್ನು ರಕ್ಷಿಸುತ್ತೇವೆಂದು ಹೊರಟವರ ಕೈಯಲ್ಲಿ ಕೊನೆಗೆ ಪರಂಪರೆಯೂ ಉಳಿಯುವುದಿಲ್ಲ, ತಾವೂ ಉಳಿಯುವುದಿಲ್ಲ ಎಂಬುದನ್ನು ಇಷ್ಟು ಖಚಿತವಾಗಿ ತೋರಿಸಿದ ಕೃತಿಗಳು ಕಡಿಮೆ.

ಪಾಮುಕ್ ಅವರ ಬದುಕಿನ ಒಂದು ಘಟನೆಯನ್ನು ಇಲ್ಲಿ ಮರೆಯಲಾಗದು. 2005ರಲ್ಲಿ ಅವರು ಸಂದರ್ಶನವೊಂದರಲ್ಲಿ ತಮ್ಮ ದೇಶದಲ್ಲಿ ಅರ್ಮೇನಿಯನ್ನರ ಮತ್ತು ಕುರ್ದರ ಹತ್ಯೆಗಳಾದವು, ಆ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬರ್ಥದ ಮಾತು ಆಡಿದರು. ತುರ್ಕಿತನಕ್ಕೆ ಅವಮಾನವಾಯಿತೆಂದು ಅವರ ಮೇಲೆ ಮೊಕದ್ದಮೆ ಹೂಡಲಾಯಿತು. 2006ರ ಜನವರಿಯಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿ ಅಪರಾಧವೆನಿಸಿದ್ದು ನೆನಪಿಟ್ಟದ್ದೇ. ಪ್ರಭುತ್ವಗಳಿಗೆ ಬೇಕಾದ್ದು ಉಸ್ಮಾನನಂಥ ನೆನಪು. ವೈಭವ ಮಾತ್ರ ಕಾಣುವ, ಉಳಿದುದಕ್ಕೆ ಕಣ್ಣು ಚುಚ್ಚಿಕೊಂಡ ನೆನಪು. ಅವಕ್ಕೆ ಭಯ ಇರುವುದು ಹೊಳ್ಳೆಯನ್ನು ನೆನಪಿಡುವವರ ಬಗ್ಗೆ. ಇದು ತುರ್ಕಿಯೊಂದರ ಮಾತಲ್ಲ. ಗಲಭೆಯಲ್ಲಿ ಮನೆ ಕಳೆದುಕೊಂಡವರಿಗೆ ಎಲ್ಲವನ್ನೂ ಮರೆತು ಮುಂದೆ ಸಾಗಿ ಎಂದು ಉಪದೇಶಿಸುವವರನ್ನು ನಾವೂ ಕಂಡಿದ್ದೇವೆ. ನಮ್ಮ ಸಮುದಾಯದೊಳಗಿನ ತಪ್ಪುಗಳನ್ನು ಯಾರಾದರೂ ನೆನಪಿಸಿದಾಗ ಸುಮ್ಮನಿರಿ ಎನ್ನುವ ಹಿರಿಯರನ್ನೂ ಕಂಡಿದ್ದೇವೆ.

ಕಾದಂಬರಿಯ ಕೊನೆಯ ಮಾತು ಶೆಕುರೆಯದು. ಮುದುಕಿಯಾದ ಆಕೆ ಈ ಕತೆಯನ್ನೆಲ್ಲ ಕಿರಿಮಗ ಒರ್ಹಾನನಿಗೆ ಹೇಳಿದ್ದಾಳೆ, ಬಂದ ಕಾಗದಪತ್ರಗಳನ್ನೂ ಕೊಟ್ಟಿದ್ದಾಳೆ. ಕೊಟ್ಟ ಮೇಲೆ ನಮಗೊಂದು ಎಚ್ಚರಿಕೆಯನ್ನೂ ಹೇಳುತ್ತಾಳೆ: ಕತೆ ಚೆನ್ನಾಗಿರಲೆಂದು ಈ ಹುಡುಗ ಎಂಥ ಸುಳ್ಳನ್ನಾದರೂ ಹೇಳುತ್ತಾನೆ, ನಂಬಬೇಡಿ. ಶೆಕುರೆ ಪಾಮುಕ್ ಅವರ ತಾಯಿಯ ಹೆಸರೂ ಹೌದು. ಇಷ್ಟು ಹೊತ್ತು ಪೂರ್ವದಲ್ಲಿ ವಿಮರ್ಶಕ ನೆನಪಿಲ್ಲ ಎಂಬಂತೆ ಬರೆದ ಲೇಖಕರು ಕೊನೆಗೆ ಅದನ್ನು ಒಬ್ಬ ತಾಯಿಯ ಬಾಯಲ್ಲಿ ಇಟ್ಟುಬಿಟ್ಟಿದ್ದಾರೆ. ನಿರೂಪಕನ ಪ್ರಾಮಾಣಿಕತೆಯನ್ನು ಹೆತ್ತವಳೇ ಒರೆಗೆ ಹಚ್ಚುತ್ತಾಳೆ. ಹದೀಸ್ ವಿದ್ವಾಂಸರು ನಿರೂಪಕರ ಬಗ್ಗೆ ಕೇಳಿದ್ದೂ ಇದನ್ನೇ: ಇವನು ಹೇಳುವುದು ಎಷ್ಟು ನಿಜ? ಪಾಮುಕ್ ಅವರ ಜೊತೆ ನಮಗಿರುವ ಜಗಳ ಈ ಒಂದು ಪುಟದಲ್ಲಿ ಅರ್ಧ ತೀರುತ್ತದೆ. ಉಳಿದರ್ಧಕ್ಕಾಗಿ ಮತ್ತೆ ಮೊದಲ ಪುಟಕ್ಕೆ ಹೋಗಿ ಓದಬೇಕು, ಈ ಸಲ ಹೊಳ್ಳೆಗಳನ್ನು ನೆನಪಿಟ್ಟುಕೊಂಡು.